ಯೆಜ್ಡಿಯ ಟೈಮಿಂಗ್ ಮತ್ತು ನಂಬಿಕೆಯ ಕಿವಿ

ನಮ್ಮ ಮನೆಯ ಯೆಜ್ಡಿ ಮೈಸೂರಿನಲ್ಲಿ ಹುಟ್ಟಿ ಪುಣೆಯಲ್ಲಿ ಮುಪ್ಪಾದದ್ದು. ಅದನ್ನು ತಯಾರಿಸಿದ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲೇ ಬಾಗಿಲು ಮುಚ್ಚಿದೆ. ಆದ್ದರಿಂದ ಬಿಡಿಭಾಗಕ್ಕೆ ನಾನಾ ಪೇಠಿನ ಅಂಗಡಿಸಾಲು, ವಿದ್ಯೆಗೆ ಹಳೆಯ ಮೇಸ್ತ್ರಿಗಳು, ಇಷ್ಟೇ ನಮಗೆ ಉಳಿದಿರುವ ಆಸರೆ.

ಕಳೆದ ವರ್ಷ ಕ್ರ್ಯಾಂಕಿನ ಸೀಲು ಬದಲಾಯಿಸಲು ಇಂಜಿನ್ ಬಿಚ್ಚಬೇಕಾಯಿತು. ಮತ್ತೆ ಜೋಡಿಸಿದ ಮೇಸ್ತ್ರಿ, ನಲವತ್ತು ವರ್ಷಗಳ ಅನುಭವಸ್ಥರು, ಪಾಯಿಂಟಿನ ತಟ್ಟೆಯನ್ನು ಅತ್ತಿತ್ತ ತಿರುಗಿಸಿ, ಸ್ಟ್ಯಾಂಡಿನ ಮೇಲೆಯೇ ಸದ್ದು ಕೇಳಿ, "ಕಾಕಾ, ಆವಾಜ್ ಸರಿ ಇದೆ, ಇನ್ನೇನು ನೋಡುವುದು?" ಎಂದರು. ನಾವೂ ತಲೆದೂಗಿದೆವು. ಮರುದಿನ ಬೆಳಿಗ್ಗೆ ಕಿಕ್ ತಿರುಗಿ ಹೊಡೆದು ನಮ್ಮಣ್ಣನ ಮಗನ ಪಾದ ಊದಿಕೊಂಡಿತು. ಮೂರು ವಾರ ಅವನು ಕುಂಟಿದ.

ಕಿಡಿ ಹಾರಬೇಕಾದದ್ದು ಪಿಸ್ಟನ್ ತುದಿ ಮುಟ್ಟುವುದಕ್ಕೆ ಕೊಂಚ ಮೊದಲು. ಇಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗುವಾಗ ಒಂದು ಸುತ್ತಿಗೆ ಸಿಗುವುದು ಸೆಕೆಂಡಿನ ಐವತ್ತನೆಯ ಒಂದು ಪಾಲು. ಉರಿ ಹಬ್ಬಲು ಅದರಲ್ಲಿಯೇ ಸಮಯ ಬೇಕು. ಯೆಜ್ಡಿಗೆ ಆ ಮುಂಗಡ ಮೂರು ಮಿಲಿಮೀಟರಿನ ಆಸುಪಾಸು. ಮಾದರಿಯಿಂದ ಮಾದರಿಗೆ ಅಲ್ಪ ವ್ಯತ್ಯಾಸವುಂಟು. ಮುಂಗಡ ಹೆಚ್ಚಾದರೆ ಮೇಲೇರುತ್ತಿರುವ ಪಿಸ್ಟನ್ನನ್ನೇ ಸ್ಫೋಟ ಹಿಂದಕ್ಕೆ ತಳ್ಳುತ್ತದೆ. ಕಾಲಿಗೆ ಬಿದ್ದದ್ದು ಆ ಏಟು. ಅದೇ ಸ್ಥಿತಿಯಲ್ಲಿ ಕಾತ್ರಜ್ ಘಾಟ್ ಹತ್ತಿಸಿದ್ದರೆ ಪಿಸ್ಟನ್ನೇ ಕರಗಿ ತೂತಾಗುವ ಸಂಭವವಿತ್ತು.

ಮೇಸ್ತ್ರಿಯ ಕಿವಿ ಸುಳ್ಳು ಹೇಳಿತೆಂದು ನಾವು ಹೇಳುತ್ತಿಲ್ಲ. ಕಿವಿ ಕೇಳಿದ್ದು ನಿಜವೇ; ಆದರೆ ಮುಂಗಡ ಹೆಚ್ಚಾದ ಇಂಜಿನ್ ಹೊರೆಯಿಲ್ಲದೆ ನಿಂತಲ್ಲಿ ಚುರುಕಾಗಿಯೇ ಗುನುಗುತ್ತದೆ. ಹೊರೆ ಬಿದ್ದಾಗ ಬಣ್ಣ ಬಯಲು. ಇನ್ನೊಂದು ತೊಡಕೂ ಇದೆ. ಪಾಯಿಂಟಿನ ಹಿಮ್ಮಡಿ ಸವೆದಂತೆ ಅಂತರ ಕಿರಿದಾಗಿ ಕಿಡಿ ದಿನೇ ದಿನೇ ತಡವಾಗುತ್ತದೆ, ಆ ನಿಧಾನ ಇಳಿತಕ್ಕೆ ಸವಾರನ ಕಿವಿ ಒಗ್ಗಿಹೋಗುತ್ತದೆ. ಸೈಲೆನ್ಸರ್ ಸುಡುತ್ತಿದ್ದರೂ "ಹಳೆಯ ಗಾಡಿ, ಪಾಪ" ಎಂದು ಸಮಾಧಾನ ಹೇಳಿಕೊಳ್ಳುತ್ತೇವೆ.

ಆದುದರಿಂದ ಅಳತೆಯೇ ಮೊದಲಾಗಬೇಕು, ಕಿವಿ ಅನಂತರ ಎಂಬುದು ನಮ್ಮ ಪಕ್ಷ. ಅಳತೆಯಲ್ಲಿಯೂ ಕ್ರಮವುಂಟು. ಮೊದಲು ಪಾಯಿಂಟಿನ ಅಂತರವನ್ನು ಫೀಲರ್ ಗೇಜಿನಿಂದ ಸುಮಾರು 0.4 ಮಿಲಿಮೀಟರಿಗೆ ತರಬೇಕು. ಆ ಬಳಿಕವೇ ತಟ್ಟೆಯನ್ನು ತಿರುಗಿಸಬೇಕು. ಅಂತರವನ್ನು ಆಮೇಲೆ ಮುಟ್ಟಿದರೆ ಕೂರಿಸಿದ ಟೈಮಿಂಗ್ ಮತ್ತೆ ಜರುಗುತ್ತದೆ. ಪ್ಲಗ್ಗಿನ ರಂಧ್ರದೊಳಗೆ ಸೈಕಲ್ ಕಡ್ಡಿ ಇಳಿಸಿ ಪಿಸ್ಟನ್ ಅಳೆಯುವುದು ವಾಡಿಕೆ, ಆದರೆ ಕಡ್ಡಿ ಓರೆಯಾದರೆ ಅಳತೆಯೂ ಓರೆಯೇ. ಡಯಲ್ ಗೇಜ್ ಉತ್ತಮ. ಪಾಯಿಂಟ್ ಬಿಡಿಸಿಕೊಳ್ಳುವ ಕ್ಷಣವನ್ನು ಅರಿಯಲು ನಡುವೆ ಸಿಕ್ಕಿಸಿದ ಸಿಗರೇಟಿನ ತೆಳುಕಾಗದ ಸಾಕು. ಎಳೆದಾಗ ಅದು ಸಡಿಲಗೊಂಡ ತಾಣವೇ ಕಿಡಿಯ ತಾಣ. (ಸಿಗರೇಟು ಸೇದದ ನಮಗೆ ಆ ಕಾಗದಕ್ಕಾಗಿ ಪಾನ್ ಅಂಗಡಿಯ ಮುಂದೆ ನಿಲ್ಲುವ ಮುಜುಗರ ಬೇರೆ.)

ಈ ಬಾರಿ ಅದೇ ಮೇಸ್ತ್ರಿಯನ್ನೇ ಮನೆಗೆ ಕರೆದು, ಗೇಜನ್ನು ಅವರ ಕೈಗೇ ಕೊಟ್ಟೆವು. ಮೊದಲು ಮುನಿದರು, ಸೂಜಿ ಎಲ್ಲಿ ನಿಂತಿತೆಂದು ಕಂಡ ಮೇಲೆ ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ನೋಡಿದರು. ಕೊನೆಯಲ್ಲಿ ಅಳತೆಗಳನ್ನು ಬರೆದು ಟೂಲ್ ಬಾಕ್ಸಿನ ಮುಚ್ಚಳದ ಒಳಗೆ ಅಂಟಿಸಿದೆವು: ಮೇಲೆ ನಮ್ಮ ಹುಡುಗರಿಗೆಂದು ಕನ್ನಡದಲ್ಲಿ, ಕೆಳಗೆ ಅವರ ಶಿಷ್ಯರಿಗೆಂದು ಮರಾಠಿಯಲ್ಲಿ. ಮರಾಠಿಯ ಸಾಲು ಅವರದೇ ಅಕ್ಷರ.