ನುಸಿ ಔಷಧಿಗೆ ಯಾವ ನೀರು?

ತೆಂಗಿನ ನುಸಿಗೆ ಲೀಟರ್ ನೀರಿಗೆ 20 ಮಿ.ಲೀ. ಬೇವಿನೆಣ್ಣೆ, 20 ಗ್ರಾಂ ಬೆಳ್ಳುಳ್ಳಿ, 5 ಗ್ರಾಂ ಸೋಪು ಅನ್ನೋದು ನಮಗೆಲ್ಲ ಬಾಯಿಪಾಠ. ಯಾವ ನೀರು ಅಂತ ಕೇಳುವವರು ಕಡಿಮೆ.

ಸಾಕಷ್ಟು ಸೋಪು ಕರಗಿದಾಗ ಅದರ ಕಣಗಳು ಗುಂಪುಗೂಡಿ ಅತಿ ಸಣ್ಣ ಉಂಡೆಗಳಾಗುತ್ತವೆ. ಇವಕ್ಕೆ ಮೈಸೆಲ್ ಅಂತಾರೆ. ಎಣ್ಣೆಯಂಥ ವಸ್ತು ಇವುಗಳ ಒಡಲು ಸೇರುತ್ತೆ. ಅಲ್ಲಿ ಕೆಲವು ರಾಸಾಯನಿಕ ಕ್ರಿಯೆ ಚುರುಕಾಗುತ್ತವೆ, ಕೆಲವು ನಿಧಾನವಾಗುತ್ತವೆ.

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆ ನಿಮ್ಮ ಬೋರ್‌ವೆಲ್ ನೀರು ಗಡಸಾಗಿದ್ದರೆ, ಅದರ ಸುಣ್ಣದಂಶ ಸೋಪನ್ನು ಹಿಡಿದು ಬಿಳಿ ಗಷ್ಟು ಮಾಡುತ್ತೆ. ಮೈಸೆಲ್ ಕಟ್ಟಲು ಸೋಪೇ ಸಾಲದು, ಎಣ್ಣೆ ತೇಲುತ್ತೆ, ಮರ ಹತ್ತಿಸಿದ ಕೂಲಿ ದಂಡ.

ಸೋಪಿನ ನೀರು ಕ್ಷಾರ. ಕ್ಷಾರದಲ್ಲಿ ಬೇವಿನ ಅಜಾಡಿರಕ್ಟಿನ್ ಬೇಗ ಕೆಡುತ್ತೆ. ರಾತ್ರಿ ಕಲಸಿಡಬೇಡಿ. ಮಳೆನೀರು ಹಿಡಿದಿಟ್ಟು, ಆಗಿಂದಾಗ್ಗೆ ಕಲಸಿ ಹೊಡೆಯಿರಿ. ಶಿಫಾರಸು ಬರೆಯುವವರು ನೀರಿನ ಗುಣವನ್ನೂ ಬರೆಯಲಿ.