ಶರಣಾಗತರ ಹಕ್ಕು

ಔರಂಗಜೇಬನ ಸೇನೆಯಿಂದ ತಪ್ಪಿಸಿಕೊಂಡು ಬಂದ ಶಿವಾಜಿಯ ಪುತ್ರ ರಾಜಾರಾಮನಿಗೆ 1689ರಲ್ಲಿ ಕೆಳದಿಯ ರಾಣಿ ಚೆನ್ನಮ್ಮಾಜಿಯು ಆಶ್ರಯವಿತ್ತುದನ್ನು ಕೋಣಂದೂರು ಸೀಮೆಯ ವಾಚಕರು ಬಲ್ಲರು. ಅಂದು ರಾಣಿಯ ಧರ್ಮವೇ ಶಾಸನವಾಗಿದ್ದಿತು. ಇಂದು ಯೂರೋಪಿನಲ್ಲಿ ಆಶ್ರಯ ಬೇಡುವವನನ್ನು 1951ರ ಜಿನೀವಾ ಒಪ್ಪಂದದಿಂದ ಅಳೆಯುವರು: ಅವನು ಸ್ವದೇಶದ ಹೊರಗಿರಬೇಕು, ಜನಾಂಗ, ಮತ, ರಾಷ್ಟ್ರೀಯತೆ, ಸಾಮಾಜಿಕ ಪಂಗಡ ಅಥವಾ ರಾಜಕೀಯ ಅಭಿಪ್ರಾಯದ ನಿಮಿತ್ತ ಹಿಂಸೆಯಾಗುವುದೆಂಬ ಸಕಾರಣವಾದ ಭಯವಿರಬೇಕು, ಸ್ವದೇಶದ ರಕ್ಷಣೆಯು ದೊರೆಯದಂತಿರಬೇಕು. ಕೇವಲ ಬಡತನವು ಸಾಲದು. ಈ ಅಳತೆಯು ಬಿಗಿಯೆಂದು ದೂರುವವರುಂಟು. ಆದರೆ ಅಳತೆಯಿರುವಲ್ಲಿ ನಿರಾಕೃತನಾದವನು ನ್ಯಾಯಾಲಯದ ಮೊರೆಹೋಗಬಹುದು. ಭಾರತವಾದರೋ ಆ ಒಪ್ಪಂದಕ್ಕೆ ಸಹಿ ಹಾಕಿಲ್ಲ; 1960ರಲ್ಲಿ ಬೈಲುಕುಪ್ಪೆಯಲ್ಲಿ ಟಿಬೇಟಿಗರಿಗೆ ನೆಲವಿತ್ತುದು ಸರಕಾರದ ಔದಾರ್ಯ, ಕಾನೂನಲ್ಲ. ಔದಾರ್ಯವು ಆಳುವವರೊಡನೆ ಬದಲಾಗುವುದು. ಚೆನ್ನಮ್ಮಾಜಿಯಂಥವರು ಎಲ್ಲ ಕಾಲದಲ್ಲಿಯೂ ಸಿಂಹಾಸನದಲ್ಲಿರರು. ಆದುದರಿಂದ ಶರಣಾಗತರಕ್ಷಣೆಯನ್ನು ಶಾಸನವಾಗಿಸುವುದು ಸರಕಾರದ ಕರ್ತವ್ಯವೆಂದು ನಾವು ಆಗ್ರಹಪೂರ್ವಕವಾಗಿ ಹೇಳುತ್ತೇವೆ.