ಬ್ಯಾಂಡ್ ಅಂದರೆ ಮದುವೆ ಬ್ಯಾಂಡ್ ಒಂದೇ ಅಲ್ಲ

ಕಳೆದ ಗಣೇಶ ಹಬ್ಬದಲ್ಲಿ ನಮ್ಮ ಓಣಿಯ ಭಜನೆ ಮೇಳದವರು ರಾತ್ರಿ ಎಂಟಕ್ಕೆ ಪೆಂಡಾಲಿನ ಮುಂದೆ ಕೂತರು. ಪೆಟ್ಟಿಗೆ, ತಬಲ, ದಮ್ಮಡಿ, ತಾಳ ಎಲ್ಲ ಹೊಂದಿಸಿಕೊಂಡು ಎರಡು ಪದ ಹಾಡಿದ್ದರು ಅಷ್ಟೇ. ಡಿಜೆ ಗಾಡಿ ಬಂತು. ಸ್ಪೀಕರ್ ಚಾಲೂ ಆದ ಕೂಡಲೇ ಹಿರಿಯರೊಬ್ಬರು ಪೆಟ್ಟಿಗೆ ಮುಚ್ಚಿದರು. ಯಾಕಜ್ಜ ಅಂದೆ. "ತಮ್ಮಾ, ಅದರ ಮುಂದ ನಮ್ಮ ಪೆಟ್ಟಿಗಿ ಯಾರಿಗೆ ಕೇಳಬೇಕು? ನಾಳೆ ಮುಂಜಾನೆ ಹಾಡ್ತೀವಿ ಬಿಡು" ಅಂದರು. ಮರುದಿನ ಮುಂಜಾನೆ ಯಾರೂ ಬರಲಿಲ್ಲ.

ಡಿಜೆಗೆ ಓಣಿಯವರೆಲ್ಲ ಪಟ್ಟಿ ಎತ್ತಿ ದುಡ್ಡು ಕೊಟ್ಟಿದ್ದೆವು. ಮೇಳದವರಿಗೆ ಒಂದು ಟವೆಲ್, ಒಂದು ತೆಂಗಿನಕಾಯಿ. ನಾನೂ ಪಟ್ಟಿ ಕೊಟ್ಟವನೇ, ಕುಣಿದವನೇ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಅವತ್ತು ಮೇಳದವರು ಹಾಡಿದ್ದು ಶಿಶುನಾಳ ಷರೀಫರ ಪದ. ಷರೀಫರು ನಮಗೆ ದೂರದವರಲ್ಲ. ಮೈಲಾರದಲ್ಲಿ ನಿಂತು ತುಂಗಭದ್ರೆಯ ಆಚೆ ನೋಡಿದರೆ ಕಾಣುವುದು ಹಾವೇರಿ ಜಿಲ್ಲೆ. ಅದೇ ಜಿಲ್ಲೆಯ ಶಿಗ್ಗಾಂವಿ ತಾಲ್ಲೂಕಿನವರು ಅವರು, 1819ರಲ್ಲಿ ಹುಟ್ಟಿ 1889ರಲ್ಲಿ ತೀರಿಕೊಂಡವರು. ನಾವು ಡಿಜೆ ಹಚ್ಚಿ ನಿಲ್ಲಿಸಿದ ಅದೇ ಪದಗಳು ಇಂಗ್ಲೆಂಡಿನವರೆಗೆ ಹೋಗಿ ಬಂದಿವೆ. ಒಯ್ದದ್ದು ಸಿನಿಮಾದವರಲ್ಲ, ಒಂದು ಬ್ಯಾಂಡ್.

ಬ್ಯಾಂಡ್ ಅಂದ ತಕ್ಷಣ ನಮ್ಮ ಕಡೆ ನೆನಪಾಗುವುದು ಮದುವೆ ಮೆರವಣಿಗೆ. ನಾನು ಹೇಳುತ್ತಿರುವುದು ಬೇರೆ. ನಾಲ್ಕೈದು ಜನ ಕೂಡಿ, ಗಿಟಾರ್, ಡ್ರಮ್ಸ್, ಪಿಟೀಲು ಹಿಡಿದು, ತಮ್ಮ ಹಾಡು ತಾವೇ ಕಟ್ಟಿ, ಸಿನಿಮಾದ ಹಂಗಿಲ್ಲದೆ ಹಾಡುವ ತಂಡ. ಇದಕ್ಕೆ ಇಂಡಿಪೆಂಡೆಂಟ್ ಬ್ಯಾಂಡ್ ಅಂತಾರೆ.

ಮೈಸೂರಿನಲ್ಲಿ ಬೆಳೆದ ರಘು ದೀಕ್ಷಿತ್ 1990ರ ದಶಕದ ಕೊನೆಗೆ 'ಅಂತರಾಗ್ನಿ' ಅನ್ನುವ ತಂಡ ಕಟ್ಟಿದರು. ಓದಿದ್ದು ಮೈಕ್ರೋಬಯಾಲಜಿ, ಕಲಿತದ್ದು ಭರತನಾಟ್ಯ, ಹಿಡಿದದ್ದು ಗಿಟಾರ್. ಆ ತಂಡ ಮುರಿಯಿತು. ಬೇರೆ ಗೆಳೆಯರನ್ನು ಕೂಡಿಸಿಕೊಂಡು 'ದಿ ರಘು ದೀಕ್ಷಿತ್ ಪ್ರಾಜೆಕ್ಟ್' ಶುರು ಮಾಡಿದರು. ಆಲ್ಬಂ ಕಂಪನಿಗಳು ವರ್ಷಗಟ್ಟಲೆ ಕೈ ಹಿಡಿಯಲಿಲ್ಲ. ಕೊನೆಗೆ ಮುಂಬೈನ ಸಂಗೀತ ನಿರ್ದೇಶಕರಾದ ವಿಶಾಲ್-ಶೇಖರ್ ತಮ್ಮದೇ ಕಂಪನಿಯಿಂದ 2008ರಲ್ಲಿ ಮೊದಲ ಆಲ್ಬಂ ಹೊರತಂದರು. ಹಿಂದಿ ಹಾಡುಗಳ ಜೊತೆಗೆ ಷರೀಫರ ಗುಡುಗುಡಿಯ ಪದವೂ ಅದರಲ್ಲಿತ್ತು. ಲುಂಗಿ ಉಟ್ಟು, ಕಾಲಿಗೆ ಗೆಜ್ಜೆ ಕಟ್ಟಿ ರಾಕ್ ಸಂಗೀತದ ವೇದಿಕೆ ಹತ್ತಿದರು. 2011ರಲ್ಲಿ ಈ ತಂಡ ಇಂಗ್ಲೆಂಡಿನ ಗ್ಲಾಸ್ಟನ್‌ಬರಿ ಉತ್ಸವದಲ್ಲಿ ಹಾಡಿತು.

ಗ್ಲಾಸ್ಟನ್‌ಬರಿ ಅಂದರೆ ಏನು ಗೊತ್ತೇ? ಡೇರಿ ನಡೆಸುವ ಒಬ್ಬ ರೈತನ ಹೊಲ! 1970ರಲ್ಲಿ ಮೈಕೆಲ್ ಈವಿಸ್ ಅನ್ನುವ ರೈತ ತನ್ನ ಹೊಲದಲ್ಲೇ ಹಾಡಿನ ಜಾತ್ರೆ ಮಾಡಿದ. ಟಿಕೆಟ್ ಒಂದು ಪೌಂಡು, ಬಂದವರಿಗೆ ಅವನ ಎಮ್ಮೆಯದಲ್ಲ, ಹಸುವಿನ ಹಾಲು ಪುಕ್ಕಟೆ. ಇವತ್ತು ಅದು ಜಗತ್ತಿನ ದೊಡ್ಡ ಸಂಗೀತ ಉತ್ಸವಗಳಲ್ಲಿ ಒಂದು.

ರಘು ಅವರ ತಮ್ಮ ವಾಸು ದೀಕ್ಷಿತ್ ಅವರ ತಂಡ 'ಸ್ವರಾತ್ಮ'. 2002ರಲ್ಲಿ ಶುರುವಾದದ್ದು, ಮೊದಲ ಆಲ್ಬಂ ಬರಲು 2009 ಆಯಿತು. ಏಳು ವರ್ಷ! ವಾಸು ವೇದಿಕೆಯ ಮೇಲೆ ಕೀಲುಕುದುರೆ ಕಟ್ಟಿಕೊಂಡು ಕುಣಿದವರು. ನಾವು ಜಾತ್ರೆಯಲ್ಲಿ ನೋಡಿ ಮರೆತ ಕುದುರೆಯನ್ನು ಅವರು ರಾಕ್ ಸಂಗೀತಕ್ಕೆ ತಂದರು. ಕಾವೇರಿ ಜಗಳದ ಬಗ್ಗೆ ಅವರದೊಂದು ಹಿಂದಿ ಹಾಡಿದೆ. ಅದರಲ್ಲಿ ಕರ್ನಾಟಕವೂ ಮಾತಾಡುವುದಿಲ್ಲ, ತಮಿಳುನಾಡೂ ಮಾತಾಡುವುದಿಲ್ಲ. ನದಿಯೇ ತನ್ನ ಸಂಕಟ ಹೇಳಿಕೊಳ್ಳುತ್ತದೆ.

ಕಾವೇರಿಗೆ ಹಾಡಿದೆ. ನಮ್ಮ ತುಂಗಭದ್ರೆಗೆ? ಡ್ಯಾಮ್ ಕಟ್ಟಿದಾಗ ಹಿನ್ನೀರಿನಲ್ಲಿ ನಮ್ಮ ಭಾಗದ ಹಳ್ಳಿಗಳು ಮುಳುಗಿದವು. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟು ಕೊಚ್ಚಿಹೋದಾಗ ನಾವೆಲ್ಲ ಫೋನಿನಲ್ಲಿ ವಿಡಿಯೋ ನೋಡುತ್ತಾ ಕೂತಿದ್ದೆವು. ಮಲ್ಲಿಗೆ ದರ ಬಿದ್ದ ದಿನ, ಬೆಂಗಳೂರಿಗೆ ಗುಳೆ ಹೋಗುವ ಬಸ್ಸು, ಮುಳುಗಿದ ಊರಿನ ಗುಡಿ, ಎಲ್ಲ ನಮ್ಮವೇ. ಇವನ್ನು ಬೆಂಗಳೂರಿನ ಬ್ಯಾಂಡ್ ಬಂದು ಹಾಡಲಿ ಅಂತ ಕಾಯಬೇಕೇ?

"ಅವರು ಪೇಟೆಯವರು, ಇಂಗ್ಲಿಷ್ ಬಲ್ಲವರು, ನಮಗೆಲ್ಲಿ ಆಗುತ್ತೆ?" ಅಂತ ಕೆಲವರು ಕೇಳಬಹುದು. ಈ ಮಾತಿನಲ್ಲಿ ಅರ್ಧ ಸತ್ಯ ಇದೆ. ಗಿಟಾರ್‌ಗೆ ದುಡ್ಡು ಬೇಕು, ಪ್ರಾಕ್ಟೀಸಿಗೆ ಜಾಗ ಬೇಕು, ಏಳು ವರ್ಷ ಕಾಯುವುದಕ್ಕೆ ಮನೆಯಲ್ಲಿ ಅನುಕೂಲ ಬೇಕು. ಕೂಲಿಗೆ ಹೋಗುವ ಹುಡುಗನಿಗೆ ಅದು ಕಷ್ಟ.

ಇನ್ನರ್ಧ ಸತ್ಯ ಬೇರೆ ಇದೆ. ಉತ್ತರ ಕರ್ನಾಟಕದ ಹಳ್ಳಿಗಳ ಹುಡುಗರು ಸಣ್ಣ ಸ್ಟುಡಿಯೋದಲ್ಲಿ ಹಾಡು ಮಾಡಿ ಯೂಟ್ಯೂಬಿಗೆ ಹಾಕುತ್ತಿದ್ದಾರೆ. 'ಜಾನಪದ ಸಾಂಗ್' ಅಂತ ನಾವೇ ಟ್ರ್ಯಾಕ್ಟರಿನಲ್ಲಿ ಹಚ್ಚುತ್ತೇವಲ್ಲ, ಅದೇ. ಸಿನಿಮಾ ಇಲ್ಲ, ದೊಡ್ಡ ಕಂಪನಿ ಇಲ್ಲ. ನನ್ನ ಲೆಕ್ಕದಲ್ಲಿ ಅವರೂ ಇಂಡಿಪೆಂಡೆಂಟೇ. ಹಾಡಿನ ತುಂಬ ಕೈಕೊಟ್ಟ ಹುಡುಗಿಯನ್ನು ಬೈಯುವುದೇ ಹೆಚ್ಚು ಅನ್ನುವುದು ನನ್ನ ತಕರಾರು. ದಾರಿ ಮಾತ್ರ ಅವರೇ ತೋರಿಸಿದ್ದಾರೆ.

ನಮ್ಮ ನೆಲದಲ್ಲೇನು ಕಲೆ ಕಡಿಮೆಯೇ? ಎಂ.ಪಿ. ಪ್ರಕಾಶ್ ಅವರು ರಾಜಕೀಯದ ನಡುವೆಯೂ ಹಡಗಲಿಯಲ್ಲಿ 'ರಂಗಭಾರತಿ' ಕಟ್ಟಿ ನಾಟಕ ಆಡಿಸಿದರು. ಮರಿಯಮ್ಮನಹಳ್ಳಿಯ ಮಂಜಮ್ಮ ಜೋಗತಿ ಚೌಡಿಕೆಯ ಹಾಡು, ಜೋಗತಿ ಕುಣಿತ ಹಿಡಿದೇ ಜಾನಪದ ಅಕಾಡೆಮಿಯ ಅಧ್ಯಕ್ಷೆಯಾದರು, 2021ರಲ್ಲಿ ಪದ್ಮಶ್ರೀ ಪಡೆದರು. ಇವರ ಹಿಂದೆ ಯಾವ ಆಡಿಯೋ ಕಂಪನಿಯೂ ಇರಲಿಲ್ಲ.

ಹಾಡು ಕಟ್ಟುವ ತಮ್ಮಂದಿರಿಗೆ, ತಂಗಿಯರಿಗೆ ಒಂದು ಕಿವಿಮಾತು. ಷರೀಫರ ಪದ ಯಾರ ಸ್ವತ್ತೂ ಅಲ್ಲ. ನಮ್ಮ ದೇಶದ ಕಾನೂನಿನಲ್ಲಿ ಬರೆದವರು ತೀರಿಕೊಂಡು 60 ವರ್ಷ ಆದ ಮೇಲೆ ಕಾಪಿರೈಟ್ ಇರುವುದಿಲ್ಲ. ಆದರೆ 1990ರ 'ಸಂತ ಶಿಶುನಾಳ ಷರೀಫ' ಸಿನಿಮಾದ ಸಂಗೀತ ಸಿ. ಅಶ್ವಥ್ ಅವರದು. ಅವರು ತೀರಿಕೊಂಡದ್ದು 2009ರಲ್ಲಿ. ಆ ಧಾಟಿಯನ್ನು ಹಾಗೇ ಎತ್ತಿ ಅಪ್‌ಲೋಡ್ ಮಾಡಿದರೆ ತೊಂದರೆ ಬರಬಹುದು. ನಮ್ಮ ಭಜನೆ ಅಜ್ಜಂದಿರ ಹತ್ತಿರ ಹಳೇ ಧಾಟಿಗಳಿವೆ. ಹೋಗಿ ಕೂತು ಕಲಿಯಿರಿ. ಅವರ ಪೆಟ್ಟಿಗೆ, ನಿಮ್ಮ ಗಿಟಾರ್, ಇಬ್ಬರೂ ಕೂಡಿದರೆ ಅದೇ ಬ್ಯಾಂಡ್.

ಹಬ್ಬದ ಕಮಿಟಿಯವರಿಗೆ, ಜಾತ್ರೆ ನಡೆಸುವ ದೈವದವರಿಗೆ ನನ್ನದು ಒಂದೇ ಬೇಡಿಕೆ. ಡಿಜೆ ಬೇಡ ಅನ್ನುವುದಿಲ್ಲ, ಅಂದರೆ ನನ್ನ ಗೆಳೆಯರೇ ಜಗಳಕ್ಕೆ ಬರುತ್ತಾರೆ. ಪಟ್ಟಿ ಎತ್ತಿದ ದುಡ್ಡಿನಲ್ಲಿ ಒಂದು ಪಾಲು ಊರಿನ ಹಾಡುಗಾರರಿಗೆ ತೆಗೆದಿಡಿ. ಒಂದು ಸಂಜೆ, ಎರಡು ತಾಸು, ಡಿಜೆ ಬಂದ್. ಹಾಡಿದವರಿಗೆ ಟವೆಲ್ ಬದಲು ಕೈಗೆ ದುಡ್ಡು ಕೊಡಿ.

ಮೈಲಾರದ ಕಾರ್ಣಿಕದ ದಿನ ಗೊರವಯ್ಯ ಬಿಲ್ಲು ಏರಿ 'ಸದ್ದಲೇ' ಅಂದರೆ ಸಾಕು, ಲಕ್ಷಾಂತರ ಜನ ಉಸಿರು ಬಿಗಿಹಿಡಿದು ಸುಮ್ಮನಾಗುತ್ತಾರೆ. ಒಂದು ಮಾತು ಕೇಳುವುದಕ್ಕೆ ಅಷ್ಟು ಜನ ಸುಮ್ಮನಾಗುವ ಊರಿನವರು ನಾವು. ನಮ್ಮ ಹುಡುಗರ ಒಂದು ಹಾಡು ಕೇಳುವುದಕ್ಕೆ ಎರಡು ತಾಸು ಸುಮ್ಮನಿರಲಾರೆವೇ?

ಮುಂದಿನ ಗಣೇಶ ಹಬ್ಬಕ್ಕೆ ನಮ್ಮ ಓಣಿಯಲ್ಲಿ ಪಟ್ಟಿ ಎತ್ತುವಾಗ ಈ ಮಾತು ನಾನೇ ಎತ್ತುತ್ತೇನೆ. ಆ ಅಜ್ಜನ ಮನೆಗೂ ಹೋಗಿ ಬರುತ್ತೇನೆ. ನಿಮ್ಮ ಊರಲ್ಲಿ ನೀವು ಎತ್ತಿ.